ಮಿನುಗದಿರಲಿ ಎಂದು

ತೋಳಿನ ಹೊಲಿಗೆಯನ್ನು ಅಕ್ಕ ಎಳೆಎಳೆಯಾಗಿ ಬಿಚ್ಚುತ್ತಿದ್ದಳು. ತಂಗಿಯ ಕೈ ಸೆಟೆದುಕೊಂಡಿತ್ತು. ಅಂಗಿ ಮೊಣಕೈ ದಾಟಿ ಮೇಲೇರಲೊಲ್ಲದು. ಪಕ್ಕದಲ್ಲಿ ನಿಂತಿದ್ದ ಮಹಡಿ ಮನೆಯ ಅಜ್ಜಿ, "ಬ್ಲೇಡು ಹುಷಾರು ಕಣೇ, ತಾಗೀತು," ಎಂದಳು.

"ತಾಗಿದ್ರೆ ನೋವಾಗೋದು ಯಾರಿಗಜ್ಜಿ ಈಗ?" ಎಂದಳು ಅಕ್ಕ. ಹೇಳುವುದೇನೋ ಹೇಳಿದಳು; ಆದರೆ ಬ್ಲೇಡನ್ನು ತಂಗಿಯ ಚರ್ಮದಿಂದ ಇನ್ನಷ್ಟು ದೂರ ಹಿಡಿದೇ ಕೆಲಸ ಮುಂದುವರಿಸಿದಳು.

ತಿಳಿನೀಲಿ ಅಂಗಿ. ಅಕ್ಕನೇ ಹೊಲಿದು ಕೊಟ್ಟದ್ದು. ಲ್ಯಾಬಿನಲ್ಲಿ ಎಣ್ಣೆ ಸಿಡಿಯುತ್ತದೆ, ಒಳ್ಳೆಯ ದಿನಕ್ಕೆ ಇರಲಿ ಎಂದು ತಂಗಿ ಅದನ್ನು ಮಡಿಕೆ ಬಿಚ್ಚದೆ ಇಟ್ಟುಬಿಟ್ಟಿದ್ದಳು. ಒಳ್ಳೆಯ ದಿನ ಯಾವುದೆಂದು ಅಕ್ಕನೂ ಕೇಳಿರಲಿಲ್ಲ. ಈಗ ಆ ಅಂಗಿಯನ್ನು ತೊಡಿಸುತ್ತಿದ್ದುದು ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲೆ. ಮನೆಯಲ್ಲಿ ಒಬ್ಬರನ್ನು ನೆಟ್ಟಗೆ ಮಲಗಿಸುವಷ್ಟು ಉದ್ದದ ಜಾಗ ಬೇರೆ ಇರಲಿಲ್ಲ. ಬೀದಿಯ ಬಿಸಿಲು ಒಳಗೆ ಬರದಿರಲೆಂದು ಕಿಟಕಿಗೆ ದಪ್ಪ ಪರದೆ ಎಳೆದು, ಹಗಲಿನಲ್ಲೇ ದೀಪ ಹಾಕಿದ್ದರು.

ಎದೆಯ ಗಂಟನ್ನು ಗೆದ್ದು ಬಂದ ಹೆಂಗಸು ಅವಳು. ಆಪರೇಷನ್ ಆಗಿ ಹತ್ತು ವರ್ಷದ ಮೇಲಾಗಿತ್ತು. ಅಂಥವಳು ನಿನ್ನೆ ಬೆಳಿಗ್ಗೆ ಬಸ್ಸಿಗೆ ಕಾಯುತ್ತ ನಿಂತಲ್ಲೇ ಕುಸಿದಿದ್ದಳು. ಹೃದಯ ನಿಂತಿತು, ಅಷ್ಟೇ. ಕೈಯಲ್ಲಿದ್ದ ಚೀಲವನ್ನೂ ಯಾರೋ ಪುಣ್ಯಾತ್ಮರು ಜೋಪಾನವಾಗಿ ಆಸ್ಪತ್ರೆಗೆ ತಲುಪಿಸಿದ್ದರು.

"ಪಾಪ, ಡೈರಿಯವ್ರು ಯಾರೂ ಬಂದಿಲ್ವಲ್ಲ ಇನ್ನೂ," ಎಂದಳು ಅಜ್ಜಿ.

"ಯಾವ ಡೈರಿ?"

"ಇವಳು ಕೆಲಸಕ್ಕೆ ಹೋಗ್ತಿದ್ಲಲ್ಲ, ಆ ಡೈರಿ. ದಿನಾ ಸಾಯಂಕಾಲ ಬಾಗಿಲಲ್ಲಿ ಚಪ್ಪಲಿ ಬಿಡೋವಾಗ್ಲೇ ಕೂಗೋಳು, 'ಇವತ್ತೂ ಒಡೆದೋಯ್ತು ಅಕ್ಕಾ' ಅಂತ. ನಾನು ಮೇಲೆ ಕೂತು ಅಂದ್ಕೊಳ್ತಿದ್ದೆ, ಅಯ್ಯೋ, ಎಷ್ಟು ಹಾಲು ಹಾಳು ಮಾಡ್ತಾರಪ್ಪಾ ಈ ಜನ, ಆದ್ರೂ ಕೆಲಸದಿಂದ ತೆಗೆದಿಲ್ವಲ್ಲ ಅಂತ."

ಅಕ್ಕನಿಗೆ ನಗು ಒತ್ತರಿಸಿ ಬಂತು. ಬ್ಲೇಡನ್ನು ಕೆಳಗಿಟ್ಟು ನಕ್ಕಳು. ನಗು ಎಲ್ಲಿ ಮುಗಿದು ಅಳು ಎಲ್ಲಿ ಹತ್ತಿಕೊಂಡಿತೋ ಅವಳಿಗೇ ಗೊತ್ತಾಗಲಿಲ್ಲ. ಕುರ್ಚಿಗಳನ್ನು ಹೊತ್ತು ತರುತ್ತಿದ್ದ ಅವಳ ಗಂಡ, ಊರೆಲ್ಲ ಡ್ರೈವರಣ್ಣ ಎಂದು ಕರೆಯುವ ಮನುಷ್ಯ, ಅವನ್ನು ಅಲ್ಲೇ ಇಳಿಸಿ ಹತ್ತಿರ ಬಂದ.

"ಹಾಲಲ್ಲ ಅಜ್ಜಿ, ಬೆಳಕು," ಎಂದ. "ನಮ್ಮ ನಾದಿನಿ ಬೆಳಕು ಕಾಯಿಸೋಳು. ಅದು ಒಡೀತಿತ್ತು."

"ನೀನೊಬ್ಬ! ಸಾವಿನ ಮನೇಲೂ ತಮಾಷೆ ಬಿಡಲ್ಲ," ಎಂದು ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಆದರೆ ಅದು ತಮಾಷೆಯಾಗಿರಲಿಲ್ಲ. ಯಾವುದೋ ಅಪರೂಪದ ಮಣ್ಣಿನ ಲವಣಗಳನ್ನು ಎಣ್ಣೆಯಲ್ಲಿ ಹಾಕಿ, ಗಾಳಿ ಸೋಕದಂತೆ ಕಾಯಿಸಿ, ತಂಗಿ ಕಣಗಳನ್ನು ಮಾಡುತ್ತಿದ್ದಳು. ಒಂದು ತಲೆಗೂದಲಿನ ಅಗಲದಲ್ಲಿ ಸಾವಿರಾರು ಕಣಗಳು ಸಾಲಾಗಿ ಕೂತುಬಿಡಬಹುದು, ಅಷ್ಟು ಸಣ್ಣವು. ಕಣ್ಣಿಗೆ ಕಾಣದ ಒಂದು ಬಗೆಯ ಬೆಳಕನ್ನು ಅವುಗಳ ಮೇಲೆ ಬಿಟ್ಟರೆ, ಅವು ಕಣ್ಣಿಗೆ ಕಾಣುವ ಹಸಿರು ಬೆಳಕನ್ನು ಹೊರಗೆ ಕೊಡುತ್ತಿದ್ದವು. ಅವನ್ನು ರೋಗಿಯ ಮೈಗೆ ಚುಚ್ಚಿದರೆ, ಕೆಟ್ಟ ಗಂಟು ತನ್ನ ಬೇರು ಇಳಿಬಿಟ್ಟ ದಾರಿಯಲ್ಲೇ ಅವೂ ಹೋಗಿ ಕೂತು ಮಿನುಗುತ್ತಿದ್ದವು. ಸರ್ಜನ್ನರು ಮಿನುಗಿದ್ದನ್ನು ತೆಗೆದು, ಮಿನುಗದ್ದನ್ನು ಮುಟ್ಟದೆ ಬಿಡುತ್ತಿದ್ದರು. ಎಣ್ಣೆಯಲ್ಲಿ ಹುಟ್ಟಿದ ಕಣ ರಕ್ತದಲ್ಲಿ ಬೆರೆಯಬೇಕಾದರೆ ಅದಕ್ಕೆ ಮೇಲೊಂದು ತೆಳು ಹೊದಿಕೆ ಬೇಕು. ಆ ಹೊದಿಕೆ ಸರಿಯಾಗಿ ಕೂರದ ದಿನ ಬುಡ್ಡಿಯೊಳಗಿನ ನೀರು ಮೊಸರಿನಂತೆ ಗಡ್ಡೆ ಕಟ್ಟುತ್ತಿತ್ತು. ಅಜ್ಜಿಯ ಕಿವಿಗೆ ಬೀಳುತ್ತಿದ್ದುದು ಆ ದಿನಗಳ ಸುದ್ದಿ. ಅಂಥ ದಿನಗಳೇ ಹೆಚ್ಚು.

ಹೊರಗೆ ಆಸ್ಪತ್ರೆಯ ವ್ಯಾನು ನಿಂತ ಸದ್ದಾಯಿತು. ಡ್ರೈವರಣ್ಣ ಪರದೆ ಸರಿಸಿ ನೋಡಿ, "ಬಂದ್ರು ಕಣೇ. ಸರ್ಜನ್ ಸಾಹೇಬ್ರು. ಬೆಕ್ಕಿನಮರೀನೂ ಇದಾಳೆ," ಎಂದ.

ಬೆಕ್ಕಿನಮರಿ ಎಂದರೆ ತಂಗಿಯ ಶಿಷ್ಯೆ. ಕತ್ತಲಲ್ಲಿ ಅವಳ ಕಣ್ಣು ಎಲ್ಲರಿಗಿಂತ ಚುರುಕು ಎಂದು ತಂಗಿಯೇ ಇಟ್ಟ ಹೆಸರು.

ಅವರು ಕೇಳಲು ಬಂದದ್ದು ಏನೆಂದು ಅಕ್ಕನಿಗೆ ಬೆಳಿಗ್ಗೆ ಫೋನಿನಲ್ಲೇ ತಿಳಿದಿತ್ತು. 

ಸರ್ಜನ್ನರು ತಲೆ ನರೆತ ಮನುಷ್ಯ. ಹಜಾರದಲ್ಲಿ ಕುರ್ಚಿಯ ತುದಿಯಲ್ಲಿ ಕೂತು, ಎರಡು ಕೈಯನ್ನೂ ಮಂಡಿಯ ನಡುವೆ ಇಟ್ಟುಕೊಂಡರು. "ಅಮ್ಮಾ, ಈ ಹೊತ್ತಲ್ಲಿ ಕೇಳಬಾರದ್ದನ್ನ ಕೇಳ್ತಿದೀನಿ," ಎಂದು ಶುರುಮಾಡಿದರು. "ಇವರೇ ಮಾಡಿದ ಕಣಗಳನ್ನ ಮೊದಲ ಸಲ ಮನುಷ್ಯರಿಗೆ ಕೊಟ್ಟಾಗ, ಆ ಗುಂಪಿನಲ್ಲಿ ಇವರೂ ಒಬ್ಬರು. ಆಪರೇಷನ್ ಮಾಡಿದವನು ನಾನೇ. ಆ ಕಣಗಳು ಕ್ರಮೇಣ ಮೈಯಿಂದ ಹೊರಗೆ ಹೋಗ್ತವೆ ಅಂತ ನಾವು ನಂಬಿದೀವಿ. ನಂಬಿದೀವಿ ಅಷ್ಟೇ, ನೋಡಿಲ್ಲ. ಲಿವರಿನಲ್ಲಿ ಹಾಗೇ ಕೂತಿದ್ರೆ?"

"ಕೂತಿದ್ರೆ ಏನಾಗುತ್ತೆ?" ಎಂದ ಡ್ರೈವರಣ್ಣ.

ಶಿಷ್ಯೆ ಉತ್ತರ ಕೊಟ್ಟಳು. ಅತ್ತು ಅತ್ತು ಅವಳ ದನಿ ಕುಗ್ಗಿತ್ತು. "ದೊಡ್ಡವರಿಗೆ ಅಷ್ಟು ತೊಂದ್ರೆ ಇಲ್ಲ ಅಂಕಲ್. ಮಕ್ಕಳಿಗೆ ಕೊಡೋಕಾಗಲ್ಲ. ಮಗು ಇನ್ನೂ ಎಷ್ಟೋ ವರ್ಷ ಬದುಕಬೇಕಲ್ಲ, ಬೆಳೀಬೇಕಲ್ಲ. ಮೈಯೊಳಗೆ ಉಳಿಯಲ್ಲ ಅಂತ ತೋರಿಸೋವರೆಗೆ ಒಂದು ಮಗುವಿಗೂ ಕೊಡಕೂಡದು ಅಂತ ಔಷಧಿ ಪರೀಕ್ಷೆಗೆ ಒಪ್ಪಿಗೆ ಕೊಡೋ ಸಮಿತಿಯವರು ಹೇಳಿದಾರೆ. ಸರಿಯಾಗೇ ಹೇಳಿದಾರೆ. ಮೇಡಮ್ಮೂ ಅದನ್ನೇ ಹೇಳ್ತಿದ್ರು."

"ಒಬ್ಬರ ಮೈ ನೋಡಿದ್ರೆ ಎಲ್ಲಾ ಗೊತ್ತಾಗಿಬಿಡುತ್ತಾ?"

"ಇಲ್ಲ. ಆದ್ರೆ ಇದುವರೆಗೆ ಒಂದೂ ನೋಡಿಲ್ಲ. ಇಷ್ಟು ವರ್ಷ ಕಳೆದ ಮೈ ಅಂತೂ ಎಲ್ಲೂ ಇಲ್ಲ."

"ಮಗಳೇ, ನಾನೊಂದು ಮಾತು ಹೇಳ್ತೀನಿ," ಎಂದು ಮೂಲೆಯಿಂದ ಸೋದರಮಾವ ಎದ್ದ. ಕೋರ್ಟಿನ ಹೊರಗೆ ಟೈಪ್ ಮಾಡುತ್ತ ಬದುಕು ಕಳೆದವನು. ಅದಕ್ಕೇ ಮನೆಯಲ್ಲಿ ಎಲ್ಲರೂ ಅವನನ್ನು ಲಾಯರ್ ಮಾವ ಎನ್ನುತ್ತಿದ್ದರು. "ಬದುಕಿದ್ದಾಗ ಹಗಲೂ ರಾತ್ರಿ ದುಡಿಸ್ಕೊಂಡ್ರು. ಕಣ್ಣು ಹಾಳಾಯ್ತು, ಬೆನ್ನು ಬಾಗಿತು. ಒಂದು ಮದುವೆ ಮಕ್ಕಳು ಅಂತ ಕಾಣ್ಲಿಲ್ಲ ಹುಡುಗಿ. ಈಗ ಸತ್ತ ಮೇಲೂ ಕೆಲಸಕ್ಕೆ ಬಾ ಅಂತಾರಲ್ಲ, ಇದು ಯಾವ ನ್ಯಾಯ? ದೇವರು ಕೊಟ್ಟ ಮೈನ ಕೊಟ್ಟ ಹಾಗೇ ಒಪ್ಪಿಸಬೇಕು. ನಿಮ್ಮಮ್ಮ ಇದ್ದಿದ್ರೆ ಒಪ್ತಿದ್ಲಾ?"

ಸರ್ಜನ್ನರು ತಲೆ ಬಗ್ಗಿಸಿದರು. "ಒಪ್ಪದಿದ್ರೆ ಒಂದು ಮಾತೂ ಆಡದೆ ಹೋಗ್ತೀವಿ, ಸ್ವಾಮಿ. ಮನೆಯವರು ಬಾಯಿಬಿಟ್ಟು ಹೂಂ ಅನ್ನಬೇಕು."

ಎಲ್ಲರೂ ಅಕ್ಕನ ಮುಖ ನೋಡಿದರು. ಅವಳು ಕೈಯಲ್ಲೇ ತಂದಿದ್ದ ಬ್ಲೇಡನ್ನು ಕಾಗದದಲ್ಲಿ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಮನೆಯವರು ಎಂದರೆ ಅವಳೇ. ಅಲ್ಲಿದ್ದ ಯಾರಿಗೂ ಗೊತ್ತಿಲ್ಲದ ಒಂದು ಮಾತು ಅವಳ ಬಳಿ ಇತ್ತು.

*

ಆಪರೇಷನ್ ಆಗಿ ಬಂದ ಮೇಲಿನ ಒಂದು ಬೆಳಿಗ್ಗೆ. ತಾರಸಿಯ ಮೇಲೆ ಅಕ್ಕ ಒದ್ದೆ ಬಟ್ಟೆ ಹಿಂಡಿ ಕೊಡುತ್ತಿದ್ದಳು. ತಂಗಿ ಒಂದೇ ಕೈಯಲ್ಲಿ ಹಗ್ಗಕ್ಕೆ ಹಾಕುತ್ತಿದ್ದಳು. ಇನ್ನೊಂದು ಕೈ ಎತ್ತಲು ಆಗುತ್ತಿರಲಿಲ್ಲ.

"ಅಕ್ಕಾ, ನನ್ನೊಳಗೆ ಈಗ ಅವು ಎಲ್ಲೆಲ್ಲಿ ಓಡಾಡ್ತಿರಬಹುದು ಅಂತ ಒಂದೇ ಯೋಚನೆ ನಂಗೆ."

"ಇರುವೆ ಹೊಕ್ಕೋರ ಹಾಗೆ ಆಡಬೇಡ. ಆ ಚಾದರದ ತುದಿ ಹಿಡಿ."

"ಎಷ್ಟು ದಿನ ಇರ್ತವೋ, ಯಾವಾಗ ಹೊರಡ್ತವೋ. ಇಲಿ ಮೈಯಲ್ಲಿ ನೋಡಿದೀನಿ. ಆದ್ರೆ ಇಲಿ ಆಯಸ್ಸು ಎಷ್ಟು? ನಾನು ಹೋದ್ಮೇಲೆ ಒಂದ್ಸಲ ನನ್ನನ್ನ ತೆರೆದು ನೋಡಿಬಿಡ್ಲಿ ಅಕ್ಕಾ. ಹೇಳಿಬಿಡು ನೀನು."

ಅಕ್ಕ ಒದ್ದೆ ಕೈಯಿಂದಲೇ ಅವಳ ಬೆನ್ನಿಗೆ ಒಂದು ಬಿಟ್ಟಿದ್ದಳು. "ಬಿಡ್ತು ಅನ್ನು! ಬಿಡ್ತು ಅನ್ನೇ ಮೊದ್ಲು! ನಿನಗಿಂತ ಹತ್ತು ವರ್ಷ ದೊಡ್ಡೋಳು ನಾನು, ಹೋಗೋಳು ನಾನು ಮೊದ್ಲು."

"ಬಿಡ್ತು, ಬಿಡ್ತು," ಎಂದು ತಂಗಿ ನಕ್ಕಿದ್ದಳು. ಆಮೇಲೆ ಆ ಮಾತು ಮನೆಯಲ್ಲಿ ಇನ್ನೊಮ್ಮೆ ಬರಲಿಲ್ಲ.

ಬಿಡ್ತು ಅಂದ ಮಾತು ಮಾತೇ ಅಲ್ಲ ಎಂದು ಅಕ್ಕ ಅಂದು ದೇವರ ಮುಂದೆಯೂ ಹೇಳಿಕೊಂಡಿದ್ದಳು. ಅಮ್ಮ ಕಣ್ಣು ಮುಚ್ಚಿದಾಗ ಈ ತಂಗಿ ಇನ್ನೂ ಅಂಬೆಗಾಲಿಡುವ ಕೂಸು. ಅವಳ ಮೈಯ ಒಂದೊಂದು ಮಚ್ಚೆಯೂ ಅಕ್ಕನಿಗೆ ಗೊತ್ತು. ನೀರು ಹೊಯ್ಯುವಾಗ ಕಣ್ಣಿಗೆ ಬೀಳದಂತೆ ಹಣೆಗೆ ಅಂಗೈ ಅಡ್ಡ ಹಿಡಿದು, ತೊಡೆಯ ಮೇಲೆ ಬೋರಲಾಗಿ ಹಾಕಿಕೊಂಡು ತೊಳೆದ ಮೈ ಅದು. ಒಂದು ಗೀರು ಬಿದ್ದರೂ ರಾತ್ರಿಯೆಲ್ಲ ಕೂತು ಊದುತ್ತಿದ್ದಳು. ಆ ಮೈಯನ್ನು ಈಗ ಕತ್ತರಿಸಲು ಹೂಂ ಎನ್ನುವುದು ಹೇಗೆ? ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹಗ್ಗದ ಮೇಲಿದ್ದ ಚಾದರಕ್ಕೆ ಮಾತ್ರ ಕೇಳಿಸಿದ ಮಾತು.

*

"ಒಂದ್ಸಲ ಮೇಡಮ್ಮನ್ನ ನೋಡಿ ಬರ್ಲಾ ಅಮ್ಮ?" ಎಂದು ಶಿಷ್ಯೆ ಕೇಳಿದಳು.

"ಹೋಗಮ್ಮ, ಕೇಳೋದೇನಿದೆ," ಎಂದು ಅಕ್ಕ ತಾನೂ ಹಿಂದೆಯೇ ನಡೆದಳು. ಲಾಯರ್ ಮಾವನೂ, ಅಜ್ಜಿಯೂ, ಇನ್ನಿಬ್ಬರು ನೆಂಟರೂ ಒಳಗೆ ಬಂದರು. ಆ ಹುಡುಗಿ ಹೊಸ್ತಿಲು ದಾಟಿದವಳೇ, ಮುಖವನ್ನು ತಂಗಿಯ ಕಡೆಗೇ ಇಟ್ಟುಕೊಂಡು, ಕೈಯನ್ನು ತಂತಾನೇ ಗೋಡೆಗೆ ಚಾಚಿ ದೀಪ ಆರಿಸಿಬಿಟ್ಟಳು.

ಕೋಣೆಗೆ ಕೋಣೆಯೇ ಗವ್ವೆಂದಿತು.

"ಅಯ್ಯಯ್ಯೋ!" ಎಂದು ಅಜ್ಜಿ ಕೂಗಿಕೊಂಡಳು.

"ಯಾರದು ದೀಪ ಆರಿಸಿದ್ದು? ಬುದ್ಧಿ ನೆಟ್ಟಗಿದೆಯಾ?" ಮಾವ ಗದರಿದ. "ಹೆಣ ಇರೋ ಕೋಣೇಲಿ ದೀಪ ಆರಿಸ್ತಾರೇನ್ರೀ? ಅಪಶಕುನ!"

"ತಪ್ಪಾಯ್ತು, ತಪ್ಪಾಯ್ತು," ಶಿಷ್ಯೆ ಅಳುತ್ತಲೇ ಗೋಡೆ ತಡವುತ್ತಿದ್ದಳು. "ಅಭ್ಯಾಸ ಆಗಿಬಿಟ್ಟಿದೆ. ಮೇಡಂ ಇರೋ ಕೋಣೆಗೆ ಬಂದ್ರೆ ಮೊದ್ಲು ದೀಪ ಆರಿಸೋದೇ... ಸ್ವಿಚ್ಚು ಎಲ್ಲಿ, ಸಿಗ್ತಾ ಇಲ್ಲ..."

"ಹಾಕಬೇಡ," ಎಂದಳು ಅಕ್ಕ.

ಗೋಡೆ ತಡವುವ ಸದ್ದು ನಿಂತಿತು.

"ಹಾಗೇ ಇರಲಿ ಬಿಡು, ಸ್ವಲ್ಪ ಹೊತ್ತು."

*

ಅಕ್ಕ ಆ ಲ್ಯಾಬಿಗೆ ಹೋದದ್ದು ಒಂದೇ ಸಲ. ಬೀಗದ ಕೈ ಮರೆತು ಹೋದ ತಂಗಿಗೆ ಅದನ್ನು ಕೊಟ್ಟು ಬರಲು ಹೋಗಿದ್ದಳು. ಉದ್ದನೆಯ ಓಣಿಯಂಥ ಕೋಣೆ, ಎಲ್ಲಿ ನೋಡಿದರೂ ತೊಳೆದು ಬೋರಲು ಹಾಕಿದ ಗಾಜಿನ ಬುಡ್ಡಿಗಳು. ಮುಸುರೆ ತಿಕ್ಕುವ ಹೆಂಗಸಿನಂತೆ ತಂಗಿ ತೋಳು ಮಡಚಿ ತೊಟ್ಟಿಯ ಮುಂದೆ ನಿಂತಿದ್ದಳು.

"ಇದಕ್ಕಾ ನಿನ್ನನ್ನ ಅಷ್ಟು ಓದಿಸಿದ್ದು?" ಎಂದು ಅಕ್ಕ ಬೈದಿದ್ದಳು.

"ಅರ್ಧ ಕೆಲಸ ಇದೇ ಕಣಕ್ಕಾ. ಬಾ, ಇನ್ನರ್ಧ ತೋರಿಸ್ತೀನಿ."

ಕೈ ಹಿಡಿದು ಒಳಗಿನ ಕೋಣೆಗೆ ಕರೆದೊಯ್ದು ದೀಪ ಆರಿಸಿದಳು. ಅಂಥ ಕತ್ತಲನ್ನು ಅಕ್ಕ ಎಂದೂ ಕಂಡಿರಲಿಲ್ಲ. ಕಣ್ಣು ತೆರೆದರೂ ಒಂದೇ, ಮುಚ್ಚಿದರೂ ಒಂದೇ. "ಈಗ ಮಾತಾಡಬೇಡ. ಕಣ್ಣು ಕತ್ತಲಿಗೆ ಹೊಂದ್ಕೊಳ್ಳಲಿ. ಆತುರ ಪಟ್ಟೋರಿಗೆ ಇಲ್ಲಿ ಏನೂ ಕಾಣಿಸಲ್ಲ," ಎಂದಳು ತಂಗಿ. ದೇವರ ಮನೆಯಲ್ಲಿ ಕೂತಂತೆ ಇಬ್ಬರೂ ಕೂತರು. ಅಕ್ಕನಿಗೆ ತನ್ನ ಉಸಿರೂ ತಂಗಿಯ ಉಸಿರೂ ಬೇರೆಬೇರೆಯಾಗಿ ಕೇಳಿಸಿತು.

"ಈಗ ನೋಡು. ಒಂದು ಬುಡ್ಡಿ ಇಟ್ಟು, ಕಾಣದ ಬೆಳಕನ್ನ ಅದಕ್ಕೆ ಬಿಟ್ಟಿದೀನಿ. ಏನು ಕಾಣುತ್ತೆ?"

"ಏನೂ ಇಲ್ಲ."

"ಬರೀ ನೀರು ಅದು. ಮೊದ್ಲು ಇದನ್ನ ನೋಡಬೇಕು. ಏನೂ ಇಲ್ಲದ್ದು ಹೇಗಿರುತ್ತೆ ಅಂತ ಗೊತ್ತಿಲ್ಲದೋರು, ಇರೋದನ್ನ ಇದೆ ಅನ್ನೋಕಾಗಲ್ಲ. ನಾನು ಹುಡುಗರಿಗೆ ದಿನಾ ಇದನ್ನೇ ಬಡ್ಕೊಳ್ತೀನಿ." ಗಾಜು ಗಾಜಿಗೆ ತಾಗಿದ ಸದ್ದು. "ಈಗ ಇದು."

ಕತ್ತಲ ನಡುವೆ ಒಂದು ಹಸಿರು ಗೆರೆ ಹುಟ್ಟಿತು. ಎಲ್ಲಿಂದಲೂ ಬಾರದೆ, ಯಾವುದೂ ತಾಗದೆ, ನೀರಿನೊಳಗೆ ತಾನೇ ತಾನಾಗಿ ಉರಿಯುವ ಗೆರೆ. ಎಳೆ ಹುಲ್ಲಿನ ಹಸಿರು, ಬೆಂಕಿಯ ಹೊಳಪು. ಆದರೆ ಬಿಸಿಯಿಲ್ಲ, ಹೊಗೆಯಿಲ್ಲ, ಸದ್ದಿಲ್ಲ. ಅಕ್ಕ ಅರಿವಿಲ್ಲದೆ ಕೈ ಜೋಡಿಸಿದಳು. ಕತ್ತಲಲ್ಲಿ ತಂಗಿಗೆ ಅದು ಕಾಣಲಿಲ್ಲ, ಆದರೆ ಬಳೆಯ ಸದ್ದು ಕೇಳಿಸಿತು.

"ಯಾರಿಗೆ ಕೈ ಮುಗೀತಿದೀಯ?"

"ಕಾಣದ್ದನ್ನ ಕಾಣೋ ಹಾಗೆ ಮಾಡೋದು ದೇವರ ಕೆಲಸ ಅಲ್ವೇನೇ? ನೀನು ಹ್ಯಾಗೆ ಮಾಡಿದೆ?"

"ನಾನೆಲ್ಲಿ ಮಾಡಿದೆ! ಆ ಮಣ್ಣಿನಲ್ಲಿ ಅವನೇ ಮಾಡಿಟ್ಟಿದಾನೆ. ನಾವು ಬುಡ್ಡಿ ತೊಳೀತೀವಿ ಅಷ್ಟೇ," ಎಂದಿದ್ದಳು ತಂಗಿ. ಅವಳ ದನಿಯಲ್ಲಿ ನಗುವಿತ್ತು. ನಗುವಿನ ಕೆಳಗೆ ಇನ್ನೇನೋ ಇತ್ತು. ಅಷ್ಟು ವರ್ಷ ದಿನಾ ನೋಡಿದ್ದರೂ ಅವಳಿಗೆ ಆ ಬೆಳಕು ಹಳೆಯದಾಗಿರಲಿಲ್ಲ.

*

ಈಗ ಪರದೆಯ ಅಂಚಿನಿಂದ ಬಿಸಿಲಿನ ಪುಡಿ ಒಳಗೆ ನುಸುಳುತ್ತಿತ್ತು. ಕಣ್ಣು ಹೊಂದಿಕೊಂಡಂತೆ ಅಕ್ಕನಿಗೆ ಮೊದಲು ಮೇಜಿನ ಅಂಚು, ಆಮೇಲೆ ಅಂಗಿಯ ನೀಲಿ, ಕೊನೆಗೆ ತಂಗಿಯ ಮುಖ ಕಂಡಿತು. ನಿದ್ದೆ ಬಂದವಳ ಮುಖವಲ್ಲ. ಏನನ್ನೋ ಕೇಳಿ, ಉತ್ತರಕ್ಕೆ ಕಾಯುವವಳ ಮುಖ.

"ಮಾವಾ," ಎಂದಳು ಅಕ್ಕ. "ಇವಳೇ ಹೇಳಿದ್ಲು."

"ಏನಂತ?"

"ನಾನು ಹೋದ್ಮೇಲೆ ನನ್ನನ್ನ ನೋಡಲಿ ಅಂತ. ನಾನೇ ಬಿಡ್ತು ಅನ್ನಿಸ್ದೆ. ಬಾಯಲ್ಲಿ ಬಿಡ್ತು ಅಂದ್ಲು. ಮನಸ್ಸಲ್ಲಿ ಬಿಟ್ಟಿರ್ಲಿಲ್ಲ. ನಂಗೆ ಗೊತ್ತಿತ್ತು."

ಮಾವ ಮೇಜಿನ ಹತ್ತಿರ ಬಂದು ನಿಂತ. ಆಮೇಲೆ, "ಹುಡುಗಿ ಚಿಕ್ಕೋಳಿದ್ದಾಗಿಂದ್ಲೂ ಮೊಂಡೇ," ಎಂದ. ಅವನ ದನಿಯಲ್ಲಿ ಕೋರ್ಟು ಇರಲಿಲ್ಲ. "ಗಡಿಯಾರ ಕೊಟ್ರೆ ಬಿಚ್ಚಿ ನೋಡ್ತಿದ್ಲು. ನಾನೇ ಕೊಟ್ಟಿದ್ದೆ ಅದನ್ನ."

"ಹೂಂ ಅಂತೀನಿ ಮಾವ. ನೀವೂ ಹೂಂ ಅಂದ್ರೆ ನಂಗೊಂದಿಷ್ಟು ಧೈರ್ಯ."

"ಹೂಂ," ಎಂದ ಮಾವ. "ಇನ್ನಾದ್ರೂ ದೀಪ ಹಾಕ್ರಪ್ಪಾ."

ತೋಳು ಬಿಚ್ಚಿದ ಅಂಗಿಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಅಕ್ಕ ವ್ಯಾನಿನಲ್ಲಿ ತಂಗಿಯ ಪಕ್ಕವೇ ಕೂತಳು. ಆಸ್ಪತ್ರೆಯ ಓಣಿಯಲ್ಲಿ, ಹಸಿರು ಬಣ್ಣದ ಬಾಗಿಲ ಮುಂದಿನ ಬೆಂಚಿನ ಮೇಲೆ, ಬಾಯೊಳಗೇ ಜಪ ಮಾಡುತ್ತ ಕಾದಳು. ಬಾಗಿಲು ತೆರೆದಾಗ ಸರ್ಜನ್ನರು ತಾವೇ ಹೊರಗೆ ಬಂದು, "ಬನ್ನಿ ಅಮ್ಮ, ಅಂಗಿ ನೀವೇ ತೊಡಿಸಿ," ಎಂದರು. "ಸಣ್ಣ ಸಣ್ಣ ತುಣುಕು ತಗೊಂಡಿದೀವಿ. ಹೊಲಿಗೆ ನಾನೇ ಹಾಕಿದೀನಿ, ಬೇರೆಯವರ ಕೈಗೆ ಬಿಡಲಿಲ್ಲ."

ಅಕ್ಕ ಬಗ್ಗಿ ನೋಡಿದಳು. ಸಮನಾದ ಅಂತರ, ಎಳೆದು ಬಿಗಿದದ್ದಿಲ್ಲ, ಎಲ್ಲೂ ಸುಕ್ಕಿಲ್ಲ. ಪಕ್ಕದಲ್ಲೇ ಆ ಹಳೆಯ ಆಪರೇಷನ್ನಿನ ಗುರುತು, ಕೂದಲೆಳೆಯಷ್ಟು ತೆಳ್ಳಗೆ. ಬೆರಳಿನಿಂದ ಎರಡನ್ನೂ ಒಮ್ಮೆ ಸವರಿದಳು.

"ಚೆನ್ನಾಗಿ ಹೊಲಿದಿದೀರಿ," ಎಂದಳು.

ಸರ್ಜನ್ನರು ಕಿಟಕಿಯ ಕಡೆ ತಿರುಗಿ ನಿಂತರು. ಅಕ್ಕ ಅಂಗಿ ತೊಡಿಸಿ, ಬಿಚ್ಚಿದ ತೋಳನ್ನು ತಂಗಿಯ ಮೈಮೇಲೆಯೇ ಮತ್ತೆ ಕೂಡಿಸಿ ಹೊಲಿದಳು. ಕೊನೆಯ ಗಂಟು ಹಾಕಿ ದಾರವನ್ನು ಹಲ್ಲಿನಿಂದ ಕಡಿದಳು.

*

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮಣ್ಣು ಮಾಡಿದರು. ನೆಂಟರು ಕೆಲವರೇ, ಆದರೆ ಅಕ್ಕನಿಗೆ ಗುರುತಿಲ್ಲದ ಮುಖಗಳು ಒಂದೊಂದಾಗಿ ಬಂದು ಬೇಲಿಯ ಪಕ್ಕ ನಿಂತಿದ್ದವು. ಅವರಲ್ಲಿ ಒಬ್ಬ, ಬೀಗ ರಿಪೇರಿಯವನು, ಎಲ್ಲ ಮುಗಿದ ಮೇಲೆ ಹತ್ತಿರ ಬಂದ. ಕೈಯಲ್ಲಿ ಟೋಪಿ ಹಿಡಿದುಕೊಂಡಿದ್ದ.

"ನೀವು ಅವರ ಅಕ್ಕ ಅಲ್ವಾ? ನಂಗೂ ಅದೇ ಕೊಟ್ಟಿದ್ರಮ್ಮ. ಅವರ ಜೊತೆಯಲ್ಲೇ, ಮೊದಲ ಗುಂಪಿನಲ್ಲಿ. ನಾಲಿಗೆ ಕೆಳಗೆ ಗಂಟು. ನಾಲಿಗೆ ಪೂರ್ತಿ ತೆಗೀಬೇಕು ಅಂದಿದ್ರು ಬೇರೆ ಕಡೆ. ಇಲ್ಲಿ ಮಿನುಗಿದಷ್ಟೇ ತೆಗೆದ್ರು. ಅದಕ್ಕೇ ಇವತ್ತು ನಿಮ್ಮ ಹತ್ರ ಮಾತಾಡ್ತಿದೀನಿ."

"ಒಳ್ಳೇದಾಗಲಪ್ಪಾ," ಎಂದಳು ಅಕ್ಕ.

"ಮಾತು ಒಂದಿಷ್ಟು ಜಾಸ್ತೀನೇ ಆಡ್ತಾನೆ ಅಂತಾಳೆ ನನ್ನ ಹೆಂಡ್ತಿ. ಎಲ್ಲಾ ನಿಮ್ಮ ತಂಗಿ ಮೇಲೆ ಹಾಕ್ತೀನಿ," ಎಂದು ನಕ್ಕ. ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. "ಒಂದೊಂದ್ಸಲ ಯೋಚನೆ ಬರುತ್ತಮ್ಮ. ಅವರು ಮಾಡಿದ ಬೆಳಕು ನನ್ನೊಳಗೆ ಇನ್ನೂ ಇದೆಯೋ ಏನೋ ಅಂತ. ಇದ್ರೆ ಒಳ್ಳೇದೋ, ಇಲ್ದಿದ್ರೆ ಒಳ್ಳೇದೋ?"

"ಇಲ್ದಿದ್ರೆ ಒಳ್ಳೇದಂತೆ," ಎಂದಳು ಅಕ್ಕ. ಹೇಳಿ ಮುಗಿಸಿದ ಮೇಲೆ ಆ ಮಾತಿನ ತೂಕ ಅವಳಿಗೇ ತಾಗಿತು. ಒಂದು ಆಯಸ್ಸು ಪೂರ್ತಿ ಮಿನುಗಲಿ, ಇನ್ನಷ್ಟು ಮಿನುಗಲಿ ಎಂದು ಒದ್ದಾಡಿದವಳ ಮೈಯಲ್ಲಿ, ಈಗ ಎಲ್ಲರೂ ಬಯಸುವುದು ಒಂದೇ ಒಂದು: ಏನೂ ಮಿನುಗದಿರಲಿ.

ಡ್ರೈವರಣ್ಣ ಮೆಲ್ಲಗೆ ಅವಳ ತೋಳು ಹಿಡಿದ. "ಬೆಕ್ಕಿನಮರಿ ಫೋನ್ ಮಾಡಿದ್ಲು ಕಣೇ. ತುಣುಕುಗಳೆಲ್ಲ ಸಿದ್ಧ ಆಗಿವೆಯಂತೆ. ನಾಳೆ ಬೇಕಾದ್ರೂ ಹೇಳ್ತೀವಿ, ಈಗ ಬರೋದಾದ್ರೆ ಬನ್ನಿ ಅಂದ್ಲು. ಮನೆಗೆ ಹೋಗಿ ಮಲಗ್ತೀಯಾ?"

"ಮಲಗಿದ್ರೆ ನಿದ್ದೆ ಬರುತ್ತೇನ್ರೀ? ನಡೀರಿ."

"ಬಸ್ಸಿನಲ್ಲಿ ಮೂವತ್ತು ವರ್ಷ ಜನಾನ ಎಲ್ಲೆಲ್ಲಿಗೋ ಬಿಟ್ಟೆ," ಎಂದು ಅವನು ನಡೆಯುತ್ತ ಗೊಣಗಿದ. "ನಿನ್ನನ್ನ ಇಂಥ ಜಾಗಕ್ಕೆ ಕರ್ಕೊಂಡು ಹೋಗ್ತೀನಿ ಅಂತ ಅಂದ್ಕೊಂಡಿರ್ಲಿಲ್ಲ."

ಪಾದಕ್ಕೆ ಅಂಟಿದ ಮಣ್ಣನ್ನು ಲ್ಯಾಬಿನ ಮೆಟ್ಟಿಲ ಮೇಲೆ ಒರೆಸಿಕೊಂಡು ಒಳಗೆ ಹೋದಾಗ ಸಂಜೆಯ ಬೆಳಕು ಇನ್ನೂ ಇತ್ತು. ಒಳಗಿನ ಕೋಣೆಯಲ್ಲಿ ತಂಗಿಯ ಜೊತೆ ಕೆಲಸ ಮಾಡಿದವರೆಲ್ಲ ಸ್ಟೂಲುಗಳ ಮೇಲೆ ಕೂತಿದ್ದರು. ಸರ್ಜನ್ನರೂ ಇದ್ದರು. ಗೋಡೆಯ ಹತ್ತಿರ ಒಂದು ಖಾಲಿ ಸ್ಟೂಲು ತಂಗಿಯದಿರಬೇಕು; ಅದರ ಮೇಲೆ ಯಾರೂ ಕೂತಿರಲಿಲ್ಲ. ಶಿಷ್ಯೆ ಅದನ್ನೇ ತಂದು ಅಕ್ಕನಿಗೆ ಕೊಟ್ಟಳು. ಡ್ರೈವರಣ್ಣ ಬಾಗಿಲಿಗೆ ಒರಗಿ ನಿಂತ.

"ದೀಪ ಆರಿಸ್ತೀನಿ," ಎಂದಳು ಶಿಷ್ಯೆ. ಈ ಸಲ ಹೇಳಿ ಆರಿಸಿದಳು.

ಕತ್ತಲು. ಕಣ್ಣುಗಳು ಹೊಂದಿಕೊಳ್ಳಲು ಬಿಟ್ಟು ಎಲ್ಲರೂ ಕಾದರು. ಅಕ್ಕ ದೇವರನ್ನು ಏನೆಂದು ಬೇಡಿಕೊಳ್ಳಬೇಕೆಂದು ಹುಡುಕಿದಳು. ಬೆಳಕು ಕೊಡು ಎಂದು ಬೇಡಿ ಅವಳ ನಾಲಿಗೆಗೆ ಅಭ್ಯಾಸ. ಕತ್ತಲು ಕೊಡು ಎಂದು ಅವಳು ಹಿಂದೆಂದೂ ಬೇಡಿರಲಿಲ್ಲ.

"ಮೊದಲು ಯಂತ್ರ ಸರಿಯಾಗಿದೆಯಾ ನೋಡ್ತೀವಿ," ಎಂದಿತು ಶಿಷ್ಯೆಯ ದನಿ. "ಇದು ಮೇಡಂ ಹೋದ ವಾರ ಮಾಡಿದ್ದು. ಒಂದು ಹನಿ."

ಕಪ್ಪಾಗಿದ್ದ ಕಂಪ್ಯೂಟರ್ ಪರದೆಯ ಮೇಲೆ ಹಸಿರು ಭುಗಿಲೆಂದಿತು. ಆ ಹೊಳಪಿಗೆ ಕೂತವರ ಹಣೆ, ಮೂಗು, ಒದ್ದೆ ಕೆನ್ನೆಗಳು ಒಂದು ಗಳಿಗೆ ಕಂಡು ಮಾಯವಾದವು. ಯಾರೋ ದೀರ್ಘವಾಗಿ ಉಸಿರು ಬಿಟ್ಟರು.

"ಇದು ಖಾಲಿ ಗಾಜು."

ಕತ್ತಲು.

"ಇದು..." ಅವಳ ದನಿ ನಿಂತಿತು. ಮತ್ತೆ ಶುರುವಾಯಿತು. "ಇದು ಮೇಡಂ. ಲಿವರ್."

ಅಕ್ಕ ಪರದೆಯನ್ನೇ ನೋಡಿದಳು. ಕಣ್ಣು ಮಿಟುಕಿಸಲೂ ಹೆದರಿದಳು. ಒಂದು ಚುಕ್ಕಿ, ಒಂದೇ ಒಂದು ಸಾಸಿವೆಯಷ್ಟು ಹಸಿರು ಎಲ್ಲಾದರೂ ಇಣುಕಿದರೆ ಏನು ಮಾಡುವುದು? ತಂಗಿಯ ಕೊನೆಯ ಕುರುಹು ಎಂದು ಎದೆಗೆ ಒತ್ತಿಕೊಳ್ಳಬೇಕೋ, ಅವಳ ಸೋಲು ಎಂದು ಅಳಬೇಕೋ? ನೋಡುತ್ತ ನೋಡುತ್ತ ಇಲ್ಲದ ಚುಕ್ಕಿಗಳು ಅವಳ ಕಣ್ಣೊಳಗೆ ಹುಟ್ಟಿ ತೇಲಿದವು. ಕಣ್ಣು ಒರೆಸಿಕೊಂಡಳು. ಅವು ಹೋದವು.

"ಕ್ಯಾಮೆರಾ ಇನ್ನೂ ಹೊತ್ತು ತೆರೆದಿಡಮ್ಮ," ಎಂದರು ಸರ್ಜನ್ನರು. "ಎಷ್ಟು ಮಸುಕಾಗಿದ್ರೂ ಸಿಗಬೇಕು."

"ತೆರೆದಿದೆ ಸರ್. ಪೂರ್ತಿ ತೆರೆದಿದೆ."

ಕತ್ತಲು.

"ಗುಲ್ಮ, ಅಂದ್ರೆ ಸ್ಪ್ಲೀನು," ಎಂದಳು. ಕತ್ತಲು. "ಕಂಕುಳ ಗ್ರಂಥಿ. ಚುಚ್ಚಿದ ಜಾಗಕ್ಕೆ ಎಲ್ಲಕ್ಕಿಂತ ಹತ್ತಿರದ್ದು." ಕತ್ತಲು. ಗಾಜಿನ ಪಟ್ಟಿ ಬದಲಾಗುವ ಸಣ್ಣ ಸದ್ದು, ಮತ್ತೆ ಮೌನ, ಮತ್ತೆ ಕತ್ತಲು. ಕೊನೆಗೊಮ್ಮೆ ಆ ಹಸಿರು ಹನಿಯನ್ನು ಮತ್ತೆ ಇಟ್ಟು ನೋಡಿದರು. ಅದು ಮೊದಲಿನಂತೆಯೇ ಉರಿಯಿತು. ಯಂತ್ರದ ಕಣ್ಣು ತೆರೆದೇ ಇತ್ತು. ಹನಿಯನ್ನು ತೆಗೆದು ತಂಗಿಯ ತುಣುಕನ್ನು ಇನ್ನೊಮ್ಮೆ ಇಟ್ಟರು.

"ಏನೂ ಇಲ್ಲ," ಎಂದಳು ಶಿಷ್ಯೆ. ಅವಳ ದನಿ ಒಡೆಯಿತು. "ಅಮ್ಮಾ, ಏನೂ ಇಲ್ಲ. ಇನ್ನೂ ಬೇರೆ ಪರೀಕ್ಷೆ ಆಗಬೇಕು, ಆದ್ರೆ ನಮ್ಮ ಕಣ್ಣಿಗೆ ಸಿಗೋದು ಒಂದೂ ಇಲ್ಲ. ಎಲ್ಲಾ ಹೊರಟುಹೋಗಿವೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ದೀಪವನ್ನೂ ಯಾರೂ ಹಾಕಲಿಲ್ಲ. ಅಕ್ಕನ ಬಲಕ್ಕೆ ಒಂದು ಸ್ಟೂಲು ನೆಲಕ್ಕೆ ಉಜ್ಜಿ ಹಿಂದೆ ಸರಿದ ಸದ್ದಾಯಿತು. ಆಮೇಲೆ ಎಡಕ್ಕೆ ಇನ್ನೊಂದು. ಆಮೇಲೆ ಹಿಂದೆ, ಆಮೇಲೆ ಬಾಗಿಲ ಬಳಿ ಗಂಡನ ಚಪ್ಪಲಿ ಕಿರುಗುಟ್ಟಿತು. ಏನಾಗುತ್ತಿದೆಯೆಂದು ಅವಳಿಗೆ ತಡವಾಗಿ ತಿಳಿಯಿತು. ಏನೂ ಕಾಣದ ಆ ಪರದೆಯ ಮುಂದೆ, ಒಬ್ಬರ ಮುಖ ಒಬ್ಬರಿಗೆ ಕಾಣದ ಆ ಕತ್ತಲಿನಲ್ಲಿ, ಎಲ್ಲರೂ ಒಬ್ಬೊಬ್ಬರಾಗಿ ಎದ್ದು ನಿಲ್ಲುತ್ತಿದ್ದರು.